ಅವ್ವ ಹೇಳಿದ ಒಂದೇ ಕಥೆ

ಹೋದ ತಿಂಗಳು ಒಂದು ಶನಿವಾರ ಮೊಮ್ಮಗಳು ಚರ್ಚಾಸ್ಪರ್ಧೆ ಮುಗಿಸಿಕೊಂಡು ಬಂದವಳೇ ಚೀಲವನ್ನು ಕಟ್ಟೆಯ ಮೇಲೆ ಎಸೆದು ನನ್ನ ಪಕ್ಕ ಧೊಪ್ಪನೆ ಕುಳಿತಳು. ಒಂಬತ್ತನೇ ತರಗತಿಯ ಹುಡುಗಿ. ಕೈಯಲ್ಲಿ ಎರಡನೇ ಬಹುಮಾನದ ಪ್ರಮಾಣಪತ್ರ, ಮುಖ ಮಾತ್ರ ಹುಣಸೆಹಣ್ಣು ತಿಂದ ಹಾಗೆ.

“ಯಾಕವ್ವ, ಎರಡನೇದು ಬಂದೈತಲ್ಲ, ಛಲೋನ ಆತಲ್ಲ?” ಅಂದೆ.

“ಏನ್ ಛಲೋ ಅಜ್ಜಾ? ಶಾಲಿ ಮಕ್ಕಳಿಗೆ ಮೊಬೈಲ್ ಬೇಕೋ ಬ್ಯಾಡೋ ಅನ್ನೋದು ವಿಷಯ. ಬ್ಯಾಡ ಅಂತ ನಾ ಹನ್ನೆರಡು ಪಾಯಿಂಟ್ ಹೇಳಿದೆ. ಒಂದೂ ತಪ್ಪಿಲ್ಲ. ಗಂಗಾವತಿ ಕಡೆಯಿಂದ ಬಂದಿದ್ದ ಹುಡುಗಿ ಒಂದು ಪಾಯಿಂಟೂ ಹೇಳಲಿಲ್ಲ. ಬರೇ ಒಂದು ಕಥಿ ಹೇಳಿದ್ಲು. ಅಕಿಗೆ ಫಸ್ಟ್!”

“ಏನ್ ಕಥಿ?”

“ಏನಿಲ್ಲ, ಅವರ ಮನ್ಯಾಗ ಅಜ್ಜಿ ಐತಂತ. ದಿನಾ ಸಂಜಿಮುಂದ ಅಜ್ಜಿ ಏನಾರ ಮಾತಾಡಿದ್ರ ಎಲ್ಲಾರೂ ಮೊಬೈಲ್ ನೋಡಿಕೋತ ಹೂಂ ಹೂಂ ಅಂತಿದ್ರಂತ. ಒಂದಿನ ಕರೆಂಟ್ ಹೋಗಿ, ಎಲ್ಲಾರ ಮೊಬೈಲೂ ಸತ್ತು, ದೀಪ ಹಚ್ಚಿಕೊಂಡು ಕುಂತಾಗ ಗೊತ್ತಾತಂತ, ಅಜ್ಜಿಗೆ ಆರು ತಿಂಗಳಿಂದ ಒಂದು ಕಣ್ಣು ಕಾಣಿಸ್ತಾನ ಇರಲಿಲ್ಲ ಅಂತ. ಅಜ್ಜಿ ಅದನ್ನ ಹೇಳಿದ್ಲಂತ. ಯಾರೂ ಕೇಳಿಸಿಕೊಂಡಿರಲಿಲ್ಲ...”

ಸಿಟ್ಟಿನಿಂದ ಹೇಳಲು ಶುರುಮಾಡಿದವಳ ದನಿ ಕೊನೆಗೆ ಬರುವಷ್ಟರಲ್ಲಿ ತಗ್ಗಿತ್ತು. ಅದು ಅವಳಿಗೇ ಗೊತ್ತಾಗಲಿಲ್ಲ. ನನ್ನ ಕೈಯಲ್ಲಿದ್ದ ಮೊಬೈಲನ್ನು ನಾನು ಸದ್ದಿಲ್ಲದೆ ಅಂಗಿಯ ಕಿಸೆಗೆ ಇಳಿಸಿದೆ. ಅವಳ ಹನ್ನೆರಡು ಪಾಯಿಂಟುಗಳನ್ನು ವಾರವಿಡೀ ಮನೆಯಲ್ಲಿ ಕೇಳಿದ್ದೆ. ಆಗ ಇಳಿಸಿರಲಿಲ್ಲ.

“ಅಜ್ಜಾ, ಕಥಿ ಹೇಳಿದವರು ಗೆಲ್ಲೋದಾದ್ರ ವಿಚಾರ ಮಾಡಿ ಮಾತಾಡೋದು ಯಾಕ?” ಎಂದು ಕೇಳಿದಳು. ಸುಲಭದ ಪ್ರಶ್ನೆಯಲ್ಲ. 35 ವರ್ಷ ಕುಷ್ಟಗಿ, ಯಲಬುರ್ಗಾ, ಗಂಗಾವತಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಗಣಿತ ಕಲಿಸಿದ ಮೇಷ್ಟ್ರು ನಾನು. ‘ಆದ್ದರಿಂದ’, ‘ಆದಕಾರಣ’ ಎಂದು ಕಪ್ಪುಹಲಗೆಯ ಮೇಲೆ ಬರೆದು ಬರೆದು ಬೆರಳು ಸವೆಸಿದವನು. ನನಗೂ ಒಂದು ಕಾಲದಲ್ಲಿ ಇದೇ ಪ್ರಶ್ನೆ ಎದುರಾಗಿತ್ತು. ಅವಳಿಗೆ ಅವತ್ತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅದು 1998. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆಯಾದ ಮರುವರ್ಷ. ನಾನು ಯಲಬುರ್ಗಾ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿದ್ದೆ. ಏಳನೇ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಳು. ಲೆಕ್ಕದಲ್ಲಿ ಬಲು ಚುರುಕು. ನಾನು ಹಲಗೆಯ ಮೇಲೆ ಬರೆಯುವುದರೊಳಗೆ ಬಾಯಿಲೆಕ್ಕದಲ್ಲಿ ಉತ್ತರ ಹೇಳಿಬಿಡುತ್ತಿದ್ದಳು. ಬೇಸಿಗೆ ಹತ್ತಿರ ಬಂದಾಗ ಒಂದು ವಾರ ಶಾಲೆಗೆ ಬರಲಿಲ್ಲ. ವಿಚಾರಿಸಿದರೆ, ಮದುವೆ ನಿಶ್ಚಯವಾಗಿದೆ ಎಂದರು. ಹುಡುಗಿಗೆ ಆಗ 13 ವರ್ಷ.

ಅಂದೇ ಸಂಜೆ ಅವರ ಮನೆಗೆ ಹೋದೆ. ಅವಳ ಅಪ್ಪ ನಾಲ್ಕೆಕರೆ ಒಣ ಬೇಸಾಯದ ರೈತ. ಕೆಟ್ಟವನಲ್ಲ. ಕಂಬಳಿ ಹಾಸಿ ಕೂರಿಸಿ, ಚಹಾ ತರಿಸಿದ. ನಾನು ಒಂದೊಂದೇ ಕಾರಣ ಹೇಳುತ್ತಾ ಹೋದೆ. 1929ರಲ್ಲೇ ಬಾಲ್ಯವಿವಾಹ ತಡೆಯುವ ಕಾಯ್ದೆ ಬಂದಿದೆ, 1978ರಿಂದ ಹೆಣ್ಣಿಗೆ 18 ತುಂಬಿರಲೇಬೇಕು ಎಂದು ಅದಕ್ಕೆ ತಿದ್ದುಪಡಿಯಾಗಿದೆ ಎಂದೆ. ಎಳೆಯ ಮೈ ಬಸಿರು ತಾಳುವುದಿಲ್ಲ, ತಾಯಿಗೂ ಕೂಸಿಗೂ ಅಪಾಯ ಎಂದೆ. ಓದಿದರೆ ಅವಳ ಕಾಲ ಮೇಲೆ ಅವಳು ನಿಲ್ಲುತ್ತಾಳೆ ಎಂದೆ.

ಅವನು ಎಲ್ಲ ಕೇಳಿಸಿಕೊಂಡ. ಆಮೇಲೆ ತಲೆ ತಗ್ಗಿಸಿಕೊಂಡೇ ಹೇಳಿದ: “ಮಾಸ್ತರ, ನೀವು ಹೇಳೋದು ಖರೇ ಐತ್ರಿ. ನನ್ನ ಮಾತೂ ಸ್ವಲ್ಪ ಕೇಳ್ರಿ. ಮಳಿ ಇಲ್ಲ. ಗಂಗಾವತಿ ಕಡೆ ಭತ್ತದ ಗದ್ದಿ ಕೆಲಸಕ್ಕ ನಾವಿಬ್ಬರೂ ಗುಳೆ ಹೋಗೋದು. ಮಗಳನ್ನ ಯಾರ ಹಂತ್ಯಾಕ ಬಿಟ್ಟು ಹೋಗಲಿ? ಕರಕೊಂಡು ಹೋದ್ರ ಬಯಲಾಗ ಜೋಪಡ್ಯಾಗ ಇಡಬೇಕು. ಇಲ್ಲಿ ಏಳನೇತ್ತಾ ಮುಗೀತು, ಹೈಸ್ಕೂಲು ಎಂಟು ಕಿಲೋಮೀಟರ್. ನಡಕೊಂಡು ಹೋಗಿ ಬರೋ ಹಾದ್ಯಾಗ ಏನಾರ ಆದ್ರ ನೀವು ಬರ್ತೀರೇನ್ರಿ?” ಜೊತೆಗೆ ಪಕ್ಕದ ಊರಿನ ಒಂದು ಸುದ್ದಿ ಹೇಳಿದ. ಹೀಗೇ ತಂದೆತಾಯಿ ಗುಳೆ ಹೋದಾಗ ಮನೆಯಲ್ಲಿ ಉಳಿದ ಹುಡುಗಿಯೊಬ್ಬಳಿಗೆ ಆದ ಅನಾಹುತ. ಆ ಸುದ್ದಿ ಹೇಳುವಾಗ ಅವನ ಕೈ ನಡುಗುತ್ತಿತ್ತು.

ನನ್ನ ಹತ್ತಿರ ಉತ್ತರ ಇರಲಿಲ್ಲ. ನನ್ನ ಪ್ರತಿ ಕಾರಣಕ್ಕೂ ಅವನ ಹತ್ತಿರ ಒಂದು ಕಾರಣವಿತ್ತು. ಎರಡನೇ ದಿನ ಹೋದೆ, ಮೂರನೇ ದಿನ ಹೋದೆ. ಮೂರನೇ ದಿನ ಪೊಲೀಸರ ಮಾತೂ ಎತ್ತಿದೆ. ಆವತ್ತು ಚಹಾ ಬರಲಿಲ್ಲ.

ಮನೆಗೆ ಬಂದು ಅವ್ವನ ಮುಂದೆ ಹೇಳಿಕೊಂಡೆ. ಅವ್ವನಿಗೆ ಆಗ ಸುಮಾರು 68. ಅಕ್ಷರ ಬಾರದವಳು. ರೊಟ್ಟಿ ಬಡಿಯುತ್ತಾ ಎಲ್ಲ ಕೇಳಿದಳು. “ನಾಳೆ ನಾನೂ ಬರ್ತೀನಿ ನಡಿ” ಅಂದಳು, ಅಷ್ಟೇ.

ಮರುದಿನ ಅವ್ವ ಆ ಮನೆಯ ಪಡಸಾಲೆಯಲ್ಲಿ ಕುಳಿತು ಮೊದಲು ಅರ್ಧ ತಾಸು ಮಳೆಬೆಳೆಯ ಮಾತಾಡಿದಳು. ಎಲೆ ಅಡಿಕೆ ಹಾಕಿಕೊಂಡಳು. ಮದುವೆಯ ಸುದ್ದಿ ಎತ್ತಲೇ ಇಲ್ಲ. ಆಮೇಲೆ ಯಾರಿಗೂ ಅಂತಲ್ಲದೆ, ನೆಲ ನೋಡುತ್ತಾ ಹೇಳತೊಡಗಿದಳು.

“ನನ್ನ ಲಗ್ನ ಆದಾಗ ನಿಜಾಮನ ರಾಜ್ಯ. ನನಗ ಹನ್ನೊಂದೋ ಹನ್ನೆರಡೋ. ಚಕ್ಕಡ್ಯಾಗ ಕುಂಡ್ರಿಸಿ ಗಂಡನ ಮನಿಗೆ ಕರಕೊಂಡು ಹ್ವಾದ್ರು. ನನ್ನ ಸೆರಗಿನ ತುದಿಗೆ ಕುಂಟಾಬಿಲ್ಲಿ ಆಡೋ ಬಚ್ಚ ಕಟ್ಟಿಕೊಂಡಿದ್ದೆ. ಅತ್ತಿಮನಿ ಅಂಗಳ ದೊಡ್ಡದೈತಿ ಅಂತ ಹೇಳಿದ್ರು, ಆಡಬಹುದು ಅನಕೊಂಡಿದ್ದೆ. ಎರಡು ವರ್ಷಕ್ಕ ಬಸರಾದೆ. ಎರಡು ಹಗಲು ಎರಡು ರಾತ್ರಿ ಬ್ಯಾನಿ ತಿಂದೆ. ಹೆಣ್ಣು ಕೂಸು. ಅತ್ತಿದ್ದು ಒಂದ ಸಲ. ನನಗ ಅಳಬೇಕೋ ಏನು ಮಾಡಬೇಕೋ ತಿಳೀಲಿಲ್ಲ. ಅತ್ತಿ ಬಂದು ಕೂಸನ್ನ ಬಟ್ಟಿಯಾಗ ಸುತ್ತಿ ತಗೊಂಡು ಹ್ವಾದ್ಲು. ಎಲ್ಲಿ ಇಟ್ಟು ಬಂದ್ರು ಅಂತ ನಾ ಕೇಳಲಿಲ್ಲ. ನಾಕು ದಿನ ಬಿಟ್ಟು ಸೀರಿ ಒಗೆಯಾಕ ಹಳ್ಳಕ್ಕ ಹ್ವಾದಾಗ ಸೆರಗಿನಾಗಿನ ಬಚ್ಚ ಕೈಗೆ ಹತ್ತಿತು. ಹಳ್ಳದಾಗ ಒಗೆದು ಬಂದೆ.”

ಅಷ್ಟು ಹೇಳಿ ಅವ್ವ ಎದ್ದಳು. ಆ ರೈತನ ಮುಖ ನಾನು ನೋಡಲಿಲ್ಲ, ನೋಡಲಾಗಲಿಲ್ಲ. ಒಳಗಿನ ಬಾಗಿಲ ಹಿಂದೆ ಹುಡುಗಿಯ ತಾಯಿ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

ದಾರಿಯಲ್ಲಿ ಬರುವಾಗ ಕೇಳಿದೆ: “ಅವ್ವಾ, ನನಗ ಒಬ್ಬಾಕಿ ಅಕ್ಕ ಇದ್ಲು ಅಂತ ನೀ ಯಾವತ್ತೂ ಹೇಳಲಿಲ್ಲಲ್ಲ?”

“ನೀ ಯಾವಾಗ ಕೇಳಿದ್ದಿ?” ಅಂದಳು.

ಎರಡು ದಿನ ಕಳೆದ ಮೇಲೆ ಆ ರೈತ ತಾನೇ ಶಾಲೆಗೆ ಬಂದ. “ಲಗ್ನ ಮುಂದಕ ಹಾಕೀನ್ರಿ. ಆದ್ರ ನಾವು ಗುಳೆ ಹ್ವಾದಾಗ ಅಕಿ ಎಲ್ಲಿರಬೇಕು, ಅದನ್ನ ಹೇಳ್ರಿ” ಅಂದ. ಈ ಮಾತನ್ನು ಮೊಮ್ಮಗಳಿಗೆ ಎರಡು ಸಲ ಒತ್ತಿ ಹೇಳಿದೆ. ಕಥೆ ಅವನ ಮನಸ್ಸು ತಿರುಗಿಸಿತ್ತು, ಆದರೆ ಅವನ ಕಷ್ಟ ಹಾಗೇ ಇತ್ತು. ಆಗ ಬೇಕಾದದ್ದು ಲೆಕ್ಕ, ವಿಚಾರ, ಓಡಾಟ. ನಾನು ತಾಲ್ಲೂಕು ಕೇಂದ್ರಕ್ಕೆ ನಾಲ್ಕಾರು ಸಲ ಅಲೆದು ಬಾಲಕಿಯರ ಹಾಸ್ಟೆಲಿನಲ್ಲಿ ಸೀಟು ಕೊಡಿಸಿದೆ. ಹುಡುಗಿ ಎಸ್ಸೆಸ್ಸೆಲ್ಸಿಯಲ್ಲಿ ಮೊದಲ ಸಲ ಇಂಗ್ಲಿಷಿನಲ್ಲಿ ನಪಾಸಾಗಿ ಎರಡನೇ ಸಲ ಪಾಸಾದಳು. ಇಂದು ಕುಷ್ಟಗಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದಾಳೆ. ಅಳತೆಯ ಲೆಕ್ಕವನ್ನು ಈಗಲೂ ಬಾಯಲ್ಲೇ ಮಾಡುತ್ತಾಳೆ.

ಅಂದಿನಿಂದ ನಾನು ಈ ವಿಷಯವನ್ನು ಬಹಳ ಯೋಚಿಸಿದ್ದೇನೆ. ನಾನು ಕಾರಣ ಹೇಳುವಾಗ ಪ್ರತಿ ಮಾತಿನಲ್ಲೂ ‘ನೀನು ತಪ್ಪು ಮಾಡುತ್ತಿದ್ದೀ’ ಎಂಬುದು ಅಡಗಿತ್ತು. ಹಾಗೆ ಅನ್ನಿಸಿಕೊಂಡವನು ತನ್ನನ್ನು ಕಾಪಾಡಿಕೊಳ್ಳಲೇಬೇಕು, ಆದ್ದರಿಂದ ಎದುರು ಕಾರಣ ಹುಡುಕುತ್ತಾನೆ. ಅವ್ವ ಅವನ ಬಗ್ಗೆ ಏನೂ ಹೇಳಲಿಲ್ಲ. ತನ್ನ ಬಗ್ಗೆ ಹೇಳಿಕೊಂಡಳು. ಆ ಬಚ್ಚ ಕಟ್ಟಿದ ಸೆರಗು ತನ್ನ ಮಗಳದೂ ಆಗಬಹುದು ಎಂಬುದನ್ನು ಅವನೇ ಕಂಡುಕೊಂಡ. ತಾನೇ ಕಂಡುಕೊಂಡದ್ದರ ಜೊತೆ ಯಾರೂ ಜಗಳವಾಡುವುದಿಲ್ಲ. ಇನ್ನೊಂದು ಮಾತು: ಅವನನ್ನು ಮೊದಲು ಕಟ್ಟಿಹಾಕಿದ್ದೂ ಒಂದು ಕಥೆಯೇ, ಪಕ್ಕದ ಊರಿನ ಹುಡುಗಿಯದು. ಆ ಕಥೆ ಹುಟ್ಟಿಸಿದ್ದ ಅಂಜಿಕೆಯನ್ನು ನನ್ನ ಅಂಕಿಸಂಖ್ಯೆ ಅಲುಗಿಸಲಿಲ್ಲ. ಅದಕ್ಕೆ ಇನ್ನೊಂದು ಕಥೆಯೇ ಬೇಕಾಯಿತು.

ಅವ್ವ ಮಾಡಿದ್ದನ್ನು ನಮ್ಮ ಕೊಪ್ಪಳದಲ್ಲಿ ಒಬ್ಬ ಚಕ್ರವರ್ತಿಯೂ ಮಾಡಿದ್ದಾನೆ. ಗವಿಮಠದ ಬೆಟ್ಟದ ಮೇಲೆ, ಹಾಗೆಯೇ ಪಾಲ್ಕಿಗುಂಡಿನ ಬಂಡೆಯ ಮೇಲೆ, ಅಶೋಕನ ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ. ಅಷ್ಟು ದೊಡ್ಡ ಅರಸ, ‘ಎಲ್ಲರೂ ಧರ್ಮದಿಂದ ನಡೆಯಿರಿ, ಇದು ಆಜ್ಞೆ’ ಎಂದು ಒಂದು ಸಾಲು ಕೊರೆಸಿ ಸುಮ್ಮನಾಗಬಹುದಿತ್ತು. ಆದರೆ ಅವನು ತನ್ನ ಕಥೆಯನ್ನೇ ಹೇಳಿಕೊಳ್ಳುತ್ತಾನೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಅಷ್ಟೇನೂ ಶ್ರಮ ಪಡಲಿಲ್ಲ, ಆಮೇಲೆ ಸಂಘದ ಹತ್ತಿರ ಹೋದ ಮೇಲೆ ಹೆಚ್ಚು ಶ್ರಮಿಸಿದೆ, ಇದು ದೊಡ್ಡವರಿಗಷ್ಟೇ ದಕ್ಕುವುದಲ್ಲ, ಶ್ರಮಪಟ್ಟರೆ ಸಣ್ಣವರಿಗೂ ದಕ್ಕುತ್ತದೆ ಎಂಬುದು ಅದರ ಸಾರ. ಚಕ್ರವರ್ತಿಯೊಬ್ಬ ‘ಮೊದಲು ನಾನೂ ಸೋಮಾರಿಯಾಗಿದ್ದೆ’ ಎಂದು ಕಲ್ಲಿನಲ್ಲಿ ಬರೆಸಿದ್ದಾನೆ! ಜಾತ್ರೆಗೆ ಬಂದಾಗ ಮಕ್ಕಳಿಗೆ ಆ ಬೆಟ್ಟವನ್ನು ತೋರಿಸಿ ಇದನ್ನು ಹೇಳಿ. ಬೆಳಿಗ್ಗೆ ಬೇಗ ಏಳದ ಮಕ್ಕಳಿಗಂತೂ ಬಹಳ ಹಿಡಿಸುತ್ತದೆ.

ಮೊಮ್ಮಗಳು ನಕ್ಕಳು. ಸಿಟ್ಟು ಅರ್ಧ ಇಳಿದಿತ್ತು. “ಇನ್ನೊಂದು ಹೇಳು ಅಜ್ಜಾ” ಎಂದಳು.

ಇನ್ನೊಂದು ಗಂಗಾವತಿ ಸೀಮೆಯದು. ಆನೆಗೊಂದಿ ಸುತ್ತಮುತ್ತಲ ಬಂಡೆಗುಡ್ಡಗಳೇ ರಾಮಾಯಣದ ಕಿಷ್ಕಿಂಧೆ, 575 ಮೆಟ್ಟಿಲು ಹತ್ತಿ ನೋಡುವ ಅಂಜನಾದ್ರಿಯೇ ಹನುಮ ಹುಟ್ಟಿದ ಬೆಟ್ಟ ಎಂಬುದು ನಮ್ಮವರ ನಂಬಿಕೆ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದ ಕೊನೆಯನ್ನು ನೋಡಿ. ಸೀತೆಯನ್ನು ಹುಡುಕುತ್ತಾ ಹೋದ ಕಪಿಗಳು ಸಮುದ್ರದ ದಂಡೆಯಲ್ಲಿ ಕುಳಿತು ಲೆಕ್ಕ ಹಾಕುತ್ತಾರೆ. ಲಂಕೆ ನೂರು ಯೋಜನ ದೂರ. ಗಜ ಎಂಬ ಕಪಿ ‘ನಾನು ಹತ್ತು ಯೋಜನ ಹಾರಬಲ್ಲೆ’ ಎನ್ನುತ್ತಾನೆ. ಗವಾಕ್ಷ ಇಪ್ಪತ್ತು ಎನ್ನುತ್ತಾನೆ. ಹೀಗೇ ಏರುತ್ತಾ ಹೋಗಿ, ಮುದಿ ಜಾಂಬವಂತ ತೊಂಬತ್ತು ಎನ್ನುತ್ತಾನೆ. ಅಂಗದ ‘ನೂರು ಹಾರಿಯೇನು, ತಿರುಗಿ ಬರುವುದು ಅನುಮಾನ’ ಎನ್ನುತ್ತಾನೆ. ಲೆಕ್ಕವೆಲ್ಲ ಸರಿ, ಆದರೆ ಕೆಲಸ ಮಾತ್ರ ಆಗುವಂತಿಲ್ಲ. ಆಗ ಜಾಂಬವಂತ ಏನು ಮಾಡಿದ? ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿದ್ದ ಹನುಮನ ಹತ್ತಿರ ಹೋಗಿ ಅವನದೇ ಕಥೆ ಹೇಳಿದ. ಅಂಜನೆಯ ಮಗ ನೀನು, ಕೂಸಾಗಿದ್ದಾಗ ಸೂರ್ಯನನ್ನು ಹಣ್ಣೆಂದು ತಿಳಿದು ಹಾರಿದವನು, ಇಂದ್ರನ ವಜ್ರದ ಏಟಿಗೆ ದವಡೆ ಮುರಿದು ಹನುಮ ಎನಿಸಿಕೊಂಡವನು ಎಂದ. ಕಥೆ ಕೇಳುತ್ತಾ ಕೇಳುತ್ತಾ ಹನುಮ ಬೆಳೆದು ನಿಂತ.

ಮುಂದೆ ಲಂಕೆಯಲ್ಲೂ ಹಾಗೆಯೇ. ಅಶೋಕವನದಲ್ಲಿ ಸೀತೆ ಹೆದರಿದ್ದಾಳೆ, ಯಾರು ಬಂದರೂ ರಾವಣನ ಮಾಯೆ ಎಂದೇ ತಿಳಿಯುತ್ತಾಳೆ. ಹನುಮ ‘ನಾನು ರಾಮನ ದೂತ’ ಎಂದು ನೇರವಾಗಿ ಎದುರು ನಿಲ್ಲಲಿಲ್ಲ. ಮರದ ಮೇಲೆ ಅಡಗಿ ಕುಳಿತು ರಾಮನ ಕಥೆಯನ್ನು ಮೆಲುದನಿಯಲ್ಲಿ ಹೇಳಿದ. ಅವಳು ತಲೆಯೆತ್ತಿ ನೋಡಿದಳು. ಅದೇ ಹನುಮ ರಾವಣನ ಸಭೆಯಲ್ಲಿ ನೀತಿ, ನ್ಯಾಯ, ಲಾಭ, ನಷ್ಟ ಎಲ್ಲವನ್ನೂ ಕ್ರಮವಾಗಿ ವಾದಿಸಿದ. ರಾವಣ ಅವನ ಬಾಲಕ್ಕೆ ಬೆಂಕಿ ಹಚ್ಚಿಸಿದ!

ನಮ್ಮ ಹಿಂದಿನವರಿಗೆ ಈ ಗುಟ್ಟು ಚೆನ್ನಾಗಿ ಗೊತ್ತಿತ್ತು. ಯಲಬುರ್ಗಾಕ್ಕೆ ನೆರೆಯ ರೋಣ ಸೀಮೆಯ ಸವಡಿಯವನಾದ ದುರ್ಗಸಿಂಹ ಸುಮಾರು 1031ರಲ್ಲಿ ಪಂಚತಂತ್ರವನ್ನು ಕನ್ನಡಕ್ಕೆ ತಂದ. ಅವನು ಚಾಲುಕ್ಯ ಜಯಸಿಂಹನ ಆಸ್ಥಾನದಲ್ಲಿ ಸಂಧಿವಿಗ್ರಹಿ, ಅಂದರೆ ಯುದ್ಧ ಮತ್ತು ಒಪ್ಪಂದಗಳ ಮಂತ್ರಿ. ರಾಜಕಾರಣವನ್ನು ಕಲಿಸಲು ಆತ ಆರಿಸಿಕೊಂಡದ್ದು ನರಿ, ಸಿಂಹ, ಕಾಗೆ, ಆಮೆಗಳ ಕಥೆಗಳನ್ನು.

ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ನಾನು ಕಣ್ಣು ಒರೆಸಿಕೊಂಡೆ. 96ರ ವಯಸ್ಸಿನ ಆ ತಾಯಿ ತೊಗಲುಗೊಂಬೆ ಆಡಿಸುತ್ತಲೇ ಜೀವನ ಕಳೆದವರು. ನಾನು ಹುಡುಗನಾಗಿದ್ದಾಗ ಮಳೆ ಬಾರದ ವರ್ಷ ನಮ್ಮೂರಿಗೂ ಇಂಥ ಒಂದು ಮೇಳ ಬಂದಿತ್ತು. ಬಿಳಿ ಪರದೆ, ಹಿಂದೆ ದೀಪ, ಬಣ್ಣದ ನೆರಳುಗಳು. ಮಧ್ಯೆ ಮಧ್ಯೆ ಕಿಳ್ಳೇಕ್ಯಾತ, ಬಂಗಾರಕ್ಕ ಬಂದು ಊರಿನ ಸುದ್ದಿಯನ್ನೇ ಎತ್ತಿಕೊಂಡು ನಗಿಸುವರು. ಆ ವರ್ಷ ನಮ್ಮ ಓಣಿಯ ಅಣ್ಣತಮ್ಮಂದಿರು ಹೊಲದ ಬದುವಿಗಾಗಿ ಕೋರ್ಟು ಹತ್ತಿದ್ದರು. ಹಿರಿಯರು ನ್ಯಾಯ ಹೇಳಿ ಸೋತಿದ್ದರು. ರಾತ್ರಿ ಭರತ ಅಣ್ಣನ ಪಾದುಕೆಯನ್ನು ತಲೆಯ ಮೇಲೆ ಹೊತ್ತು ನಡೆದಾಗ ಇಬ್ಬರೂ ಪರದೆಯ ಮುಂದೆ ಬೇರೆ ಬೇರೆ ಕಡೆ ಕುಳಿತಿದ್ದರು. ಜಗಳ ಮರುದಿನವೇ ಮುಗಿಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಮರುದಿನ ತಮ್ಮನ ಎತ್ತಿಗೆ ಅಣ್ಣನ ಬಾವಿಯಲ್ಲಿ ನೀರು ಸಿಕ್ಕಿತು. ಮಾತು ಶುರುವಾಗಲು ಅಷ್ಟು ಸಾಕಾಯಿತು.

ಇಷ್ಟು ಕೇಳಿ ಮೊಮ್ಮಗಳು ಒಂದು ಪಟ್ಟು ಹಾಕಿದಳು. “ಹಂಗಾದ್ರ ಸುಳ್ಳು ಕಥಿ ಹೇಳಿದ್ರೂ ಜನ ನಂಬತಾರಲ್ಲ ಅಜ್ಜಾ?”

ನಂಬುತ್ತಾರೆ, ಅದೇ ಭಯ. ರಾಮಾಯಣದಲ್ಲಿ ಮಂಥರೆ ಮಾಡಿದ್ದೂ ಕಥೆ ಹೇಳುವ ಕೆಲಸವೇ. ರಾಮ ಪಟ್ಟಕ್ಕೆ ಬಂದರೆ ನೀನು ಕೌಸಲ್ಯೆಯ ದಾಸಿಯಾಗುತ್ತೀ, ನಿನ್ನ ಭರತ ಆಳಾಗುತ್ತಾನೆ ಎಂದು ಚಿತ್ರ ಬಿಡಿಸಿದಳು. ರಾಮನನ್ನು ಮಗನಂತೆ ಪ್ರೀತಿಸುತ್ತಿದ್ದ ಕೈಕೇಯಿ ಒಂದೇ ದಿನದಲ್ಲಿ ಬದಲಾದಳು. ‘ರಾಮ ಎಂದಾದರೂ ಹಾಗೆ ನಡೆದುಕೊಂಡಿದ್ದಾನೆಯೇ?’ ಎಂಬ ಒಂದು ಪ್ರಶ್ನೆ ಅವಳು ಗಟ್ಟಿಯಾಗಿ ಹಿಡಿದಿದ್ದರೆ ಸಾಕಾಗಿತ್ತು.

ನಮ್ಮ ಕಾಲದ್ದೂ ಒಂದಿದೆ. 2018ರಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ವಾಟ್ಸ್‌ಆ್ಯಪಿನಲ್ಲಿ ಊರೂರು ಹರಿಯಿತು. ಅದೂ ಕಥೆಯೇ. ಅದನ್ನು ನಂಬಿ ಬೀದರ್ ಜಿಲ್ಲೆಯಲ್ಲಿ, ಮಕ್ಕಳಿಗೆ ಚಾಕೊಲೇಟ್ ಕೊಟ್ಟರು ಎಂಬ ಕಾರಣಕ್ಕೆ, ಹೈದರಾಬಾದಿನಿಂದ ಬಂದ ಯುವಕರ ಮೇಲೆ ಗುಂಪು ಬಿದ್ದಿತು. ಒಬ್ಬ ಇಂಜಿನಿಯರ್ ಜೀವ ಬಿಟ್ಟ. ‘ಯಾವ ಊರಿನಲ್ಲಿ? ಯಾರ ಮಗು? ಯಾರು ನೋಡಿದರು?’ ಎಂದು ಒಬ್ಬರಾದರೂ ನಿಂತು ಕೇಳಿ, ಉತ್ತರಕ್ಕೆ ಕಾಯ್ದಿದ್ದರೆ ಆ ಜೀವ ಉಳಿಯುತ್ತಿತ್ತೇನೋ. ಕಥೆ ಕೇಳಿ ಮೈಯೆಲ್ಲ ಬಿಸಿಯಾದಾಗಲೇ ವಿಚಾರ ಬೇಕಾಗುವುದು. ನಮ್ಮ ಅವ್ವನ ಕಥೆಗೂ ನಾನು ಹೀಗೇ ಕೇಳಬಹುದಿತ್ತು. ಅದು ಅವಳು ಅನುಭವಿಸಿದ್ದು, ಅದರಿಂದ ಅವಳಿಗೆ ಬರುವ ಲಾಭ ಏನೂ ಇರಲಿಲ್ಲ. ಆ ಪ್ರಶ್ನೆಗೆ ಅದು ನಿಲ್ಲುತ್ತಿತ್ತು. ವಾಟ್ಸ್‌ಆ್ಯಪಿನ ಕಥೆ ನಿಲ್ಲುತ್ತಿರಲಿಲ್ಲ.

“ಅಂದ್ರ ಎರಡೂ ಬೇಕು ಅಂತೀಯೇನು?” ಎಂದು ಕೇಳಿದಳು.

ಎರಡೂ ಬೇಕು. ನಮ್ಮ ಹಳೆಯ ತರ್ಕಶಾಸ್ತ್ರವೇ ಹಾಗೆ ಹೇಳುತ್ತದೆ. ನ್ಯಾಯಶಾಸ್ತ್ರದಲ್ಲಿ ಒಂದು ಮಾತನ್ನು ಸಾಧಿಸಲು ಐದು ಮೆಟ್ಟಿಲು. ಗುಡ್ಡದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಕಾಣುತ್ತಿದೆ. ಇದಕ್ಕೆ ಮೂರನೇ ಮೆಟ್ಟಿಲು ಉದಾಹರಣೆ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ನಮ್ಮ ಅಡುಗೆಮನೆಯಲ್ಲಿ ಕಂಡ ಹಾಗೆ. ಆಮೇಲೆ ಆ ಗುಡ್ಡದ ಹೊಗೆಯೂ ಅಂಥದ್ದೇ, ಆದ್ದರಿಂದ ಅಲ್ಲಿ ಬೆಂಕಿ ಇದೆ. ಎಂಥ ಪಂಡಿತನಾದರೂ ಮೂರನೇ ಮೆಟ್ಟಿಲಲ್ಲಿ ಅಡುಗೆಮನೆಗೆ ಬರಲೇಬೇಕು! ನನ್ನ ವಾದದಲ್ಲಿ ಆ ಮೆಟ್ಟಿಲೇ ಇರಲಿಲ್ಲ. ಕಾಯ್ದೆ ಇತ್ತು, ಕಾರಣ ಇತ್ತು, ಅಡುಗೆಮನೆ ಇರಲಿಲ್ಲ. ಅದನ್ನು ಅವ್ವ ತಂದಿಟ್ಟಳು.

ಮೊಮ್ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ತನ್ನ ಹನ್ನೆರಡು ಪಾಯಿಂಟಿನ ಹಾಳೆ ತೆಗೆದು ಏನೇನೋ ಗೀಟು ಹಾಕಿದಳು. ಮೂರು ಉಳಿದವು. ಉಳಿದ ಜಾಗವನ್ನು ಖಾಲಿ ಬಿಟ್ಟುಕೊಂಡು, “ಅಜ್ಜಾ, ನಿಮ್ಮ ಅಕ್ಕಗ ಹೆಸರು ಏನಿತ್ತು?” ಎಂದು ಕೇಳಿದಳು.

ಹೆಸರು ಇಡುವಷ್ಟು ಹೊತ್ತು ಆ ಕೂಸು ಇರಲಿಲ್ಲ ಎಂದೆ. ಅವ್ವ ಹೋಗಿಯೂ ಈಗ ಬಹಳ ವರ್ಷವಾಯಿತು. ಅವಳ ಒಡಲಲ್ಲಿ ಇನ್ನೆಷ್ಟು ಕಥೆಗಳಿದ್ದವೋ, ನಾನು ಕೇಳಲಿಲ್ಲ.

ಈ ಪತ್ರಿಕೆ ಓದುವ ಮಕ್ಕಳೇ, ನಿಮ್ಮ ಮನೆಯಲ್ಲಿ ಅಜ್ಜನೋ ಅಜ್ಜಿಯೋ ಇದ್ದರೆ ಇವತ್ತು ರಾತ್ರಿ ಊಟವಾದ ಮೇಲೆ ಒಂದು ಪ್ರಶ್ನೆ ಕೇಳಿ: ‘ನೀವು ನನ್ನಷ್ಟು ಇದ್ದಾಗ ಏನಾಗಿತ್ತು?’ ಅವರು ಒಮ್ಮೆಗೇ ಹೇಳಲಿಕ್ಕಿಲ್ಲ. ನಮ್ಮ ಅವ್ವನಂತೆ ಮೊದಲು ಮಳೆಬೆಳೆಯ ಮಾತಾಡಬಹುದು. ಸ್ವಲ್ಪ ತಾಳಿಕೊಂಡು ಕುಳಿತಿರಿ.